ಒಡೆದ ಆರು ಟೈಲ್ಸ್‌ಗೆ ಇಡೀ ಹಾಲ್ ಅಗೆಯಬೇಕಾ?

ಸಂಪಾದಕರೇ,

ನಮ್ಮ ಮನೆ ಹಾಲ್‌ನಲ್ಲಿ ನೆಲದೊಳಗಿನ ಪೈಪ್ ಸೋರಲು ಶುರುವಾಗಿ, ಪ್ಲಂಬರ್ ಆರು ಟೈಲ್ಸ್ ಒಡೆಯಬೇಕಾಯಿತು. ಪೈಪ್ ಅವತ್ತೇ ಸರಿಹೋಯಿತು. ಆರಕ್ಕೂ ಹೊಂದುವ ಟೈಲ್ಸ್ ಇನ್ನೂ ಸಿಕ್ಕಿಲ್ಲ. ತುಂಡು ಹಿಡಿದುಕೊಂಡು ಯಾವ ಅಂಗಡಿಗೆ ಹೋದರೂ ಒಂದೇ ಮಾತು: "ಈ ಡಿಸೈನ್ ನಿಂತು ಎಷ್ಟೋ ವರ್ಷ ಆಯ್ತು ಸಾರ್, ಪೂರ್ತಿ ಹೊಸದೇ ಹಾಕಿಸಿಬಿಡಿ." ಗಟ್ಟಿಯಾಗಿರುವ ಉಳಿದ ನೆಲವನ್ನೆಲ್ಲ ಅಗೆದು ಮಣ್ಣುಪಾಲು ಮಾಡಬೇಕು ಅಂತ ಇವರು ಇಷ್ಟು ಸಲೀಸಾಗಿ ಹೇಳುವುದು ನೋಡಿದರೆ ಸಿಟ್ಟು ಬರುತ್ತದೆ.

ನಮ್ಮ ದೇಶದ ಹೆಚ್ಚಿನ ಟೈಲ್ಸ್ ಬರುವುದು ಗುಜರಾತಿನ ಮೋರ್ಬಿಯಿಂದ. ಡಿಜಿಟಲ್ ಪ್ರಿಂಟಿಂಗ್ ಬಂದ ಮೇಲೆ ಹೊಸ ಡಿಸೈನ್ ಬಿಡುವುದು ಸುಲಭವಾಯಿತು, ಹಳೆಯದನ್ನು ಕೈಬಿಡುವುದೂ ಅಷ್ಟೇ ಸುಲಭ. ಮೊದಲು ಮನೆಮನೆಗೂ 16x16 ಇಂಚಿನ ಸೆರಾಮಿಕ್ ಹಾಕಿಸುತ್ತಿದ್ದರು, ಆಮೇಲೆ 2x2 ಅಡಿಯ ವಿಟ್ರಿಫೈಡ್ (ಹೆಚ್ಚು ಗಟ್ಟಿ, ನೀರು ಅಷ್ಟಾಗಿ ಹೀರದ ಟೈಲ್ಸ್) ಬಂತು, ಈಗ ಶೋರೂಮ್‌ಗೆ ಹೋದರೆ 2x4 ಅಡಿಯದ್ದನ್ನೇ ಮುಂದೆ ತಂದು ನಿಲ್ಲಿಸುತ್ತಾರೆ.

ಅದೇ ಹೆಸರಿನ ಟೈಲ್ಸ್ ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಬಾಕ್ಸ್ ಮೇಲೆ ಶೇಡ್ (ಬಣ್ಣದ ಛಾಯೆ), ಬ್ಯಾಚ್ (ಒಟ್ಟಿಗೆ ತಯಾರಾದ ಕಂತು) ಅಂತ ನಂಬರ್ ಇರುತ್ತದಲ್ವಾ, ಅದು ಸುಮ್ನೆ ಹಾಕಿದ್ದಲ್ಲ. ಸುಮಾರು 1200 ಡಿಗ್ರಿ ಶಾಖದ ಗೂಡಿನಲ್ಲಿ ಸುಡುವಾಗ ಟೈಲ್ಸ್ ಕುಗ್ಗುತ್ತದೆ, ಬಣ್ಣವೂ ಬ್ಯಾಚಿನಿಂದ ಬ್ಯಾಚಿಗೆ ಸ್ವಲ್ಪ ಬದಲಾಗುತ್ತದೆ. ಅಂಗಡಿಯವರು 2x2 ಅನ್ನುವುದು ಬಾಯಿಮಾತಿನ ಅಳತೆ. ಟೇಪ್ ಹಿಡಿದರೆ ಒಂದು 600 ಮಿಲಿಮೀಟರ್, ಇನ್ನೊಂದು 605. ಸಂದು ಇರುವುದೇ ಎರಡು ಮೂರು ಮಿಲಿಮೀಟರ್, ಅದರಲ್ಲಿ ಈ 5 ಮಿಲಿಮೀಟರ್ ಎಲ್ಲಿ ಕೂರಿಸುತ್ತೀರಿ? ದಪ್ಪ ಕಮ್ಮಿ ಇದ್ದರೆ ಮೇಸ್ತ್ರಿ ಕೆಳಗೆ ಸ್ವಲ್ಪ ಗಾರೆ ಜಾಸ್ತಿ ಹಾಕಿ ಮಟ್ಟ ಮಾಡುತ್ತಾನೆ, ಆದರೆ ಉದ್ದ ಅಗಲ ಹೊಂದದಿದ್ದರೆ ಒಂದೊಂದನ್ನೂ ಕೊಯ್ಯಬೇಕು.

ನಮ್ಮ ಮಂಗಳೂರು ಹಂಚನ್ನೇ ನೋಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಶುರುಮಾಡಿದ ಹಂಚಿನ ಮಾದರಿಗೆ ಇವತ್ತು ಐಎಸ್ 654 ಅಂತ ಸರ್ಕಾರದ್ದೇ ಮಾನದಂಡ ಇದೆ. ಹಳೇ ಮಾಡಿನ ಹಂಚು ಒಡೆದರೆ ಹೊಂದುವ ಹಂಚು ಹುಡುಕಿದರೆ ಸಿಗುತ್ತದೆ. ನೆಲದ ಟೈಲ್ಸ್‌ಗೆ ಎಲ್ಲರದ್ದೂ ಒಂದೇ ಡಿಸೈನ್ ಇರಲಿ ಅಂತ ನಾನು ಕೇಳುತ್ತಿಲ್ಲ. ಕಂಪನಿಯವರು ಡಿಸೈನ್ ನಿಲ್ಲಿಸುವ ಮೊದಲು ಒಂದು ಮಾತು ತಿಳಿಸಲಿ, ಅಂಗಡಿಯವರು ಬಿಲ್‌ನಲ್ಲಿ ಕಂಪನಿ, ಡಿಸೈನ್, ನಿಜವಾದ ಅಳತೆ, ಶೇಡ್, ಬ್ಯಾಚ್ ಎಲ್ಲವನ್ನೂ ಬರೆದುಕೊಡಲಿ. ಈಗ ಎಷ್ಟೋ ಬಿಲ್‌ಗಳಲ್ಲಿ "ಫ್ಲೋರ್ ಟೈಲ್ಸ್, ಇಷ್ಟು ಬಾಕ್ಸ್" ಅಂತ ಗೀಚಿರುತ್ತಾರೆ, ಅಷ್ಟೇ.

ಫ್ಲಾಟ್ ಕೊಂಡವರ ಪಾಡು ಇನ್ನೂ ಕಷ್ಟ. ಕೀ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕೆಲಸದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು ಅಂತ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಟೈಲ್ಸ್ ಎದ್ದುಬಂತು ಅಂದುಕೊಳ್ಳಿ, ಆ ಡಿಸೈನೇ ನಿಂತುಹೋಗಿದ್ದರೆ ಬಿಲ್ಡರ್ ಆದರೂ ಏನು ತಂದು ಹಾಕುತ್ತಾನೆ? ಕೀ ಕೊಡುವಾಗಲೇ ಪ್ರತಿ ಮನೆಗೂ ಒಂದೆರಡು ಬಾಕ್ಸ್ ಕೊಡುವುದನ್ನು ಕಡ್ಡಾಯ ಮಾಡಬೇಕು. 2x2 ಆದರೆ ಒಂದು ಬಾಕ್ಸ್‌ನಲ್ಲಿ ನಾಲ್ಕೇ ಬರುತ್ತವೆ, ಮಂಚದ ಕೆಳಗೆ ಇಟ್ಟರೂ ಆಯಿತು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಮೇಸ್ತ್ರಿ. ಬೀರು, ಮಂಚ, ಫ್ರಿಜ್ ಕೆಳಗಿನ ಟೈಲ್ಸ್ ಮೇಲೆಲ್ಲ ಉಳಿಯ ಹಿಡಿಯಿಂದ ತಟ್ಟುತ್ತಾ ಬಂದರು. ಟೊಳ್ಳು ಶಬ್ದ ಬಂದದ್ದಕ್ಕೆ ಕೆಳಗೆ ಗಾರೆ ಹಿಡಿದಿರುವುದಿಲ್ಲ. ಸುತ್ತ ಸಂದನ್ನು ಗ್ರೈಂಡರ್‌ನಿಂದ ಬಿಡಿಸಿ ನಿಧಾನಕ್ಕೆ ಎತ್ತಿದರೆ ಇಡಿಯಾಗಿ ಬರುವ ಸಾಧ್ಯತೆ ಜಾಸ್ತಿಯಂತೆ. ಹಾಗೆ ತೆಗೆದದ್ದನ್ನು ಕಣ್ಣಿಗೆ ಬೀಳುವ ಕಡೆ ಹಾಕಿ, ಬೀರುವಿನ ಕೆಳಗೆ ಬೇರೆ ಯಾವುದಾದರೂ ಹಾಕಿದರಾಯಿತು. ನಮಗೆ ಎರಡು ಹಾಗೆ ಸಿಕ್ಕವು. ಕಂಪನಿ ಗೊತ್ತಿಲ್ಲದವರು ತುಂಡಿನ ಬೆನ್ನು ನೋಡಬೇಕು, ಎಷ್ಟೋ ಸಲ ಅಲ್ಲೇ ಅಚ್ಚೊತ್ತಿದ ಹೆಸರು ಇರುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ. ಉಳಿದ ಟೈಲ್ಸ್ ಬಾಕ್ಸ್‌ಗಳು ಪ್ರತಿ ಬೀದಿಯಲ್ಲೂ ಯಾರದೋ ಟೆರೇಸ್ ಮೇಲೆ, ಮೆಟ್ಟಿಲ ಕೆಳಗೆ ಮಳೆಗೆ ನೆನೆಯುತ್ತಾ ಬಿದ್ದಿವೆ. ಪಕ್ಕದ ಬಡಾವಣೆಯವರು ಅದನ್ನೇ ಹುಡುಕಿ ಅಲೆಯುತ್ತಿರುತ್ತಾರೆ. ವಾರಕ್ಕೊಮ್ಮೆ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಜಾಗ ಬಿಟ್ಟು, ಉಳಿದಿರುವವರು ಮತ್ತು ಬೇಕಾದವರು ಡಿಸೈನ್, ಅಳತೆ, ಶೇಡ್ ಬರೆದು ಕಳಿಸಿದ್ದನ್ನು ಉಚಿತವಾಗಿ ಹಾಕಬಹುದಾ? ಒಂದು ವಿವರಕ್ಕೆ ಎರಡು ಸಾಲು ಸಾಕು.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ