ವರ್ಷ ತುಂಬಿತು, ವೈನಿ

ಅವ್ವನ ಕಿಡ್ನಿ ನನ್ನೊಳಗೆ ಬಂದು ಈ ವಾರ ವರ್ಷ ತುಂಬಿತು. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಹದಕ್ಕಿದೆ. ಡಯಾಲಿಸಿಸ್ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ, ಬಿಡಿ.

ದುಡ್ಡು ಹೊಂದಿಸಿದ ಕಾಕಾ, ನನ್ನ ಬಯಾಲಜಿ ಕ್ಲಾಸುಗಳನ್ನು ಹಂಚಿಕೊಂಡ ಕಾಲೇಜಿನವರು, ಶರಣಬಸವೇಶ್ವರರ ಗುಡಿಯಲ್ಲೂ ಬಂದೇನವಾಜ್ ದರ್ಗಾದಲ್ಲೂ ಬೇಡಿಕೊಂಡ ಓಣಿಯವರು, ಹೈದರಾಬಾದಿನ ಡಾಕ್ಟರು, ನರ್ಸುಗಳು, ಎಲ್ಲರಿಗೂ ಶರಣು. ಅವ್ವನಿಗೆ ಥ್ಯಾಂಕ್ಸ್ ಅಂದರೆ ಬೈತಾಳೆ.

ಉಳಿದದ್ದೆಲ್ಲ ವೈನಿಗೆ, ನನ್ನ ಅಣ್ಣನ ಹೆಂಡತಿಗೆ.

ಕಸಿಯಾದ ಮೇಲೆ ನನ್ನ ಮೈ ಅವ್ವನ ಕಿಡ್ನಿ ಮೇಲೆ ತಿರುಗಿಬಿದ್ದ ಆ ರಾತ್ರಿ ಕಲಬುರಗಿಯಲ್ಲಿ ಕಡು ಬೇಸಿಗೆ. ನನಗೆ ಜ್ವರ, ಮೂತ್ರ ಕಮ್ಮಿ ಆಗಿತ್ತು. ಅಣ್ಣ ಊರಲ್ಲಿರಲಿಲ್ಲ. ವೈನಿ ಬಾಡಿಗೆ ಕಾರು ತರಿಸಿದರು. ಹುಮನಾಬಾದ್, ಜಹೀರಾಬಾದ್ ದಾಟುವಾಗ ಅವರ ಮಡಿಲಲ್ಲಿ ಅಳತೆಯ ಜಾರು. ಎಷ್ಟು ಎಂಎಲ್ ಆಯಿತು ಅಂತ ಮೊಬೈಲ್ ಬೆಳಕಲ್ಲಿ ನೋಡಿ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದರು. ಬೆವರಿಗೆ ಅಂಕಿ ಅಳಿಸಿದರೆ ಮತ್ತೆ ತಿದ್ದುತ್ತಿದ್ದರು.

"ಹೊರಗಿನವರದಲ್ಲ, ಹಡೆದವ್ವಂದೇ ಅದ. ನಿನ್ನ ಮೈಗಿ ಗುರ್ತು ಹತ್ತವಲ್ದೇನು?" ಅಂದರು.

ಅವ್ವನ ಕೋಶಗಳ ಮೇಲಿನ ಗುರುತುಗಳಲ್ಲಿ ಅರ್ಧ ಮಾತ್ರ ನನಗೆ ಬಂದಿರುತ್ತವೆ, ಮಿಕ್ಕಿದ್ದು ನನ್ನ ಮೈಗೆ ಪರಕೀಯ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾರ ನಿನ್ನೊಳಗ ಅರ್ಧ ನಿಮ್ಮಪ್ಪಂದು. ಒಂಬತ್ತ್ ತಿಂಗಳು ಅವ್ವ ಹ್ಯಾಂಗ ಇಟ್ಕೊಂಡಳು?" ಅಂದರು.

ಪಿಯುಸಿ ಮಕ್ಕಳು ಯಾರೂ ಇದನ್ನು ಕೇಳಿದ್ದಿಲ್ಲ. ಆವತ್ತು ಉತ್ತರ ಹೇಳುವ ತ್ರಾಣ ಇರಲಿಲ್ಲ. ಈಗ ಹೇಳ್ತೀನಿ, ವೈನಿ.

ಮೈ ಕಾಯುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಅಂತ ಒಂದು ಬಗೆ. ಅವುಗಳಲ್ಲಿ ಪರಕೀಯರ ಮೇಲೆ ಬೀಳುವವು ಇದ್ದಂತೆ, ಅವನ್ನು ತಡೆದು ಸುಮ್ಮನಾಗಿಸುವವೂ ಇವೆ. ರೆಗ್ಯುಲೇಟರಿ ಟಿ ಕೋಶ ಅಂತಾರೆ. ರಕ್ತದಲ್ಲಿ ಸಿಡಿ4 ಅನ್ನುವ ಬಗೆಯ ಟಿ ಕೋಶಗಳಲ್ಲಿ ಇವು ನೂರಕ್ಕೆ 5ರಿಂದ 10 ಅಷ್ಟೇ. ಬಸಿರಲ್ಲಿ ಜಾಸ್ತಿಯಾಗಿ, ತಾಯಿಯ ಮೈ ಕೂಸಿನ ಮೇಲೆ ಬೀಳದಂತೆ ನೋಡಿಕೊಳ್ಳುವುದರಲ್ಲಿ ಇವುಗಳ ಪಾಲು ದೊಡ್ಡದು. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಇವನ್ನು ಗುರುತಿಸಿದರು. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಜೀನು ಪತ್ತೆ ಮಾಡಿದರು. ಅದು ಕೆಟ್ಟರೆ ಈ ಕೋಶಗಳು ಕೈಕೊಡುತ್ತವೆ, ಮಗುವಿನ ಮೈ ತನ್ನ ಮೇಲೆ ತಾನೇ ಬೀಳುತ್ತದೆ. 2025ರಲ್ಲಿ ಮೂವರಿಗೂ ನೊಬೆಲ್ ಬಂತು.

ನನ್ನ ಮಾತ್ರೆಗಳಿಗೆ ಅಷ್ಟು ವಿವೇಚನೆ ಇಲ್ಲ. ಟ್ಯಾಕ್ರೋಲಿಮಸ್ ದಾಳಿಯನ್ನೇನೋ ತಗ್ಗಿಸುತ್ತದೆ. ಆದರೆ ತಡೆಯುವ ಕೋಶಗಳಿಗೆ ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ಸಂಕೇತದ ಪ್ರೋಟೀನನ್ನೂ ಕಮ್ಮಿ ಮಾಡುತ್ತದೆ. ರೋಗಿಯದೇ ರೆಗ್ಯುಲೇಟರಿ ಕೋಶ ಹೊರಗೆ ಬೆಳೆಸಿ ವಾಪಸ್ ಕೊಡುವ ಪ್ರಯೋಗಗಳು ಕಿಡ್ನಿ ಕಸಿಯಲ್ಲಿ ನಡೆದಿವೆ. ನಮ್ಮಂಥವರ ಕೈಗೆ ಇನ್ನೂ ಬಂದಿಲ್ಲ.

ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಡ್ರಿಪ್ ಹಾಕಿದ ಮೇಲೆ ಅತ್ತೆ. ಸಾಯೋ ಭಯಕ್ಕಲ್ಲ. ಈ ವಯಸ್ಸಲ್ಲಿ ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದನ್ನ ಕಳಕೊಂಡೆ ಅಂತ ಅವ್ವನಿಗೆ ಹ್ಯಾಂಗೆ ಹೇಳಲಿ? ನನ್ನ ಮೈ ಮೇಲೆ ನನಗೇ ಅಸಹ್ಯ ಆಗಿತ್ತು. ವೈನಿ ಸಮಾಧಾನದ ಮಾತೇನೂ ಆಡಲಿಲ್ಲ. "ಮೊದಲ್ ಮೂಗು ಒರಸ್ಕೋ, ಆಮ್ಯಾಲ ಅಳು" ಅಂದರು. ಬೆಳಗಿನ ತನಕ ಸ್ಟೂಲಿನ ಮೇಲೆ ಕೂತೇ ಇದ್ದರು. ಬೆಳಗ್ಗೆ ಜಾರು ತುಂಬಿದಾಗ ಅದನ್ನು ನರ್ಸಿಗೆ ಎತ್ತಿ ತೋರಿಸಿದ್ದೂ ಅವರೇ.

ಈಗಲೂ ಮಾತ್ರೆ ಹೊತ್ತಿಗೆ ಅವರ ಫೋನ್ ಬರುತ್ತದೆ. ನಿಲ್ಲಿಸಬೇಡಿ, ವೈನಿ.

ಉಳಿದವರು ಭಾನುವಾರ ಮನೆಗೆ ಬನ್ನಿ, ಶೇಂಗಾ ಹೋಳಿಗೆ ಇದೆ. ನೆಗಡಿ ಇದ್ದವರು ಮಾತ್ರ ವಾಸಿಯಾದ ಮೇಲೆ ಬನ್ನಿ.