ಗೆಳೆಯನಿಗೊಂದು ಪತ್ರ: ಸಿಮೆಂಟ್ ಬರುವ ಮೊದಲು ನಮ್ಮೂರ ಇಗರ್ಜಿ ನೋಡು

ಪ್ರೀತಿಯ ಮಂಜು,

ನೀನು ಹಾಸನದ ಹತ್ತಿರದ ಶೆಟ್ಟಿಹಳ್ಳಿಯಿಂದ ಕಳಿಸಿದ ಫೋಟೊಗಳು ಬಂದವು. ಚೆನ್ನಾಗಿವೆ. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಆ ಹಾಳು ಚರ್ಚಿನ ಕಮಾನುಗಳ ಮುಂದೆ ಫೋಟೊ ತೆಗೆಸಿಕೊಳ್ಳದವರು ಈಗ ಯಾರಿದ್ದಾರೆ ಹೇಳು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು ಅದು. ಈಗ ಚಾವಣಿ ಇಲ್ಲ, ಪೀಠ ಇಲ್ಲ, ಪೂಜೆಗೆ ಬರುವ ಜನವೂ ಇಲ್ಲ. "ಬರೀ ಗೋಡೆ ನೋಡಿ ಬಂದೆ, ನಿಮ್ಮ ಇಗರ್ಜಿಗಳು ಒಳಗೆ ಹೇಗಿರುತ್ತವೋ ಮಾರಾಯ" ಅಂತ ಬರೆದಿದ್ದೀಯ. ಒಳ್ಳೆ ಸಮಯಕ್ಕೆ ಕೇಳಿದೆ. ಚಾವಣಿ, ಪೀಠ, ಜನ ಮೂರೂ ಇರುವ ನಮ್ಮೂರ ಇಗರ್ಜಿಯನ್ನು ಈ ಬೇಸಿಗೆಯಲ್ಲಿ 'ಹೊಸದು ಮಾಡುವ' ಮಾತು ನಡೆದಿದೆ. ನೀನು ಸಿವಿಲ್ ಎಂಜಿನಿಯರ್. ನನಗೆ ನಿನ್ನ ಮಾತಿನ ಬಲ ಬೇಕು.

ನಮ್ಮೂರಿಗೆ ಬಂದಾಗಲೆಲ್ಲ ಅದನ್ನು ಹೊರಗಿನಿಂದಲೇ ನೋಡಿದ್ದೀಯ. ಮನೆಗೆ ಬಂದು ಊಟ, ಊಟ ಆದಮೇಲೆ ಹೊಳೆ. ಅಷ್ಟೇ ಅಲ್ವಾ?

ಹೊಸನಗರದ ಕಡೆಯ ಮಳೆ ನಿನಗೆ ಗೊತ್ತು. ಈ ಕಟ್ಟಡ ಯಾಕೆ ಹೀಗಿದೆ ಅಂತ ತಿಳಿಯಬೇಕಾದರೆ ಮಳೆಯಿಂದಲೇ ಶುರು ಮಾಡಬೇಕು. ಪೀಠ ಪೂರ್ವಕ್ಕಿರಬೇಕು ಅನ್ನುವುದು ಹಳೆಯ ಪದ್ಧತಿ. ಆಗ ಬಾಗಿಲು ಪಶ್ಚಿಮಕ್ಕೆ ಬರುತ್ತದೆ. ಮುಂಗಾರು ಬೀಸಿ ಹೊಡೆಯುವುದೂ ಆ ಕಡೆಯಿಂದಲೇ. ಯುರೋಪಿನ ಲೆಕ್ಕ ಹಿಡಿದು ಕಟ್ಟಿದವರಿಗೆ ಮೊದಲ ಆಷಾಢದಲ್ಲೇ ಬುದ್ಧಿ ಬಂದಿರಬೇಕು. ಮುಂದಿನ ಗೋಡೆಗೆ ಒಂದು ಹೆಂಚಿನ ಜಗುಲಿ ಅಂಟಿಸಿದ್ದಾರೆ. ಆಮೇಲೆ ಸೇರಿಸಿದ್ದು ಅನ್ನುವುದು ಕಲ್ಲಿನ ಸಾಲು ನೋಡಿದರೇ ತಿಳಿಯುತ್ತದೆ. ಕೊಡೆ ಒರಗಿಸಿಡುವುದು, ಪೂಜೆ ಮುಗಿದ ಮೇಲೆ ಅಡಿಕೆ ರೇಟು ಮಾತಾಡುವುದು, ಹೆಣ್ಣು ಗಂಡು ತೋರಿಸುವುದು ಎಲ್ಲ ಅಲ್ಲೇ.

ಮುಂದಿನ ಗೋಡೆ ಚಾವಣಿಗಿಂತ ಎತ್ತರ. ದೂರದಿಂದ ದೊಡ್ಡದಾಗಿ ಕಾಣಲಿ ಅಂತ ಹಾಗೆ ಎತ್ತರಿಸಿದ್ದಾರೆ. ಸೋರುವುದೂ ಅಲ್ಲೇ. ಹೆಂಚು ಹೋಗಿ ಗೋಡೆಗೆ ಕೂಡುವ ಸಂದಿಯಲ್ಲಿ ನೀರು ಇಳಿದು ಹಾಡುವವರ ಅಟ್ಟಕ್ಕೆ ಬೀಳುತ್ತದೆ. ಜೂನ್ ಬಂತೆಂದರೆ ಅಲ್ಲೊಂದು ಅಲ್ಯೂಮಿನಿಯಂ ಪಾತ್ರೆ ಕಾಯಂ. ಹಾರ್ಮೋನಿಯಂಗೆ ಪ್ಲಾಸ್ಟಿಕ್ ಶೀಟು. ಪೂಜೆಯ ನಡುವೆ ಫಾದರ್ ಸುಮ್ಮನಾದಾಗ ಟಪ್ ಟಪ್ ಅನ್ನುವುದು ಕೇಳಿ ಮಕ್ಕಳು ಕಿಸಕ್ಕೆಂದು ನಗುತ್ತವೆ.

ಗೋಡೆ ಜಂಬಿಟ್ಟಿಗೆ ಕಲ್ಲಿನದು, ಮೇಲೆ ಸುಣ್ಣದ ಗಾರೆ. ಕಿಟಕಿಗಳಿಗೆ ಮೇಲೆ ಚೂಪಾಗುವ ಗಾಥಿಕ್ ಕಮಾನು. ಸಿನಿಮಾದಲ್ಲಿ ತೋರಿಸುವ ಹಾಗೆ ಗಾಜಿನಲ್ಲಿ ಸಂತರ ಚಿತ್ರವೇನೂ ಇಲ್ಲ. ಕೆಂಪು, ನೀಲಿ, ಹಸಿರು, ಹಳದಿ ಚೌಕಗಳು, ಅಷ್ಟೇ. ಹಳ್ಳಿಯ ಇಗರ್ಜಿಗೆ ಅಷ್ಟೇ ಸಾಕು. ನಮ್ಮ ಕಡೆ ಎರಡು ದಾರಿಯಿಂದ ಕೆಲಸ ಬಂದಿದೆ ನೋಡು. ಹಳೇ ಮೈಸೂರು ಸೀಮೆಯಲ್ಲಿ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳು ಇದ್ದರು. ಘಟ್ಟದ ಕೆಳಗೆ ಮಂಗಳೂರು ಮಿಷನ್ನನ್ನು 1878ರ ಕೊನೆಗೆ ಯೇಸು ಸಭೆಯ ಪಾದ್ರಿಗಳಾದ ಜೆಸ್ವಿತರು ವಹಿಸಿಕೊಂಡರು. ಇಟಲಿಯ ಚಿತ್ರಕಾರ ಮೊಸ್ಕೇನಿ ಬಂದು ಮಂಗಳೂರಿನ ಅಲೋಶಿಯಸ್ ಕಾಲೇಜಿನ ಚಾಪೆಲ್ ತುಂಬಾ ಚಿತ್ರ ಬರೆದದ್ದು ಅವರ ಕಾಲದಲ್ಲೇ. ನಮ್ಮಲ್ಲಿ ಗೋಡೆ ಫ್ರೆಂಚರ ಅಳತೆಯದು, ಮರಗೆಲಸ ಘಟ್ಟದ ಕೆಳಗಿನ ಆಚಾರಿಗಳದು. ಮೇಲಿರುವುದು ಮಂಗಳೂರು ಹೆಂಚು. ಆ ಹೆಂಚನ್ನು 1865ರಲ್ಲಿ ಶುರು ಮಾಡಿದ್ದು ಬಾಸೆಲ್ ಮಿಷನ್ನಿನ ಪ್ರಾಟೆಸ್ಟೆಂಟರು. ಕೆಥೋಲಿಕರ ತಲೆಗೆ ಪ್ರಾಟೆಸ್ಟೆಂಟರ ಸೂರು! ನಮ್ಮಜ್ಜ ಇದನ್ನು ಹೇಳಿ ಹೇಳಿ ನಗುತ್ತಿದ್ದರು.

ಈಗ ಪೀಠಕ್ಕೆ ಬಾ. ಪೂರ್ವದ ಗೋಡೆಗೆ ತಾಗಿ ಪೂರಾ ತೇಗದ್ದು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತದೆ. ನಡುವೆ ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರವಾದ ರೊಟ್ಟಿಯ, ಪೆಟ್ಟಿಗೆ, ಆಚೆ ಈಚೆ ಮೂರು ಮೂರು ಹಿತ್ತಾಳೆಯ ಮೇಣದಬತ್ತಿ ಕಂಬ. ಹಿಂದೆ ದೊಡ್ಡ ಹಾಡುಪೂಜೆಗೆ ಆರು ಬತ್ತಿ ಹಚ್ಚಬೇಕಿತ್ತು, ಆ ಲೆಕ್ಕ. ಅದರ ಮೇಲೆ ಗೂಡಿನಲ್ಲಿ ಮೇರಿ ಮಾತೆ. ಪಕ್ಕದಲ್ಲಿ ಕೆಂಪು ಗಾಜಿನ ದೀಪ. ಪೆಟ್ಟಿಗೆಯಲ್ಲಿ ಪ್ರಸಾದ ಇರುವಷ್ಟು ಹೊತ್ತೂ ಅದು ಉರಿಯುತ್ತಿರಬೇಕು. ಕಂಬಗಳಿಗೆ ಸುತ್ತಿದ ಬಳ್ಳಿಯ ಕೆತ್ತನೆ ಹತ್ತಿರದಿಂದ ನೋಡು. ಅದು ದ್ರಾಕ್ಷಿ ಬಳ್ಳಿ ಆಗಿರಬೇಕು, ಪೂಜೆಯ ದ್ರಾಕ್ಷಾರಸದ ಗುರುತು. ಆದರೆ ಎಲೆಗೆ ಸೀಳಿಲ್ಲ, ತುದಿ ಚೂಪು, ಕಾಯಿ ಗೊಂಚಲಾಗದೆ ಎಳೆಯಾಗಿ ಇಳಿಬಿದ್ದಿದೆ. ಶುದ್ಧ ಕಾಳುಮೆಣಸು. ಆಚಾರಿ ತೋಟದಲ್ಲಿ ಕಂಡದ್ದನ್ನೇ ಕೆತ್ತಿದ್ದಾನೆ. ನನಗೆ ಇಡೀ ಇಗರ್ಜಿಯಲ್ಲಿ ಇದಕ್ಕಿಂತ ಇಷ್ಟದ ಜಾಗ ಇಲ್ಲ.

ಮೊದಲು ಫಾದರ್ ಈ ಪೀಠದ ಕಡೆಗೇ ಮುಖ ಮಾಡಿ ಲ್ಯಾಟಿನ್ನಿನಲ್ಲಿ ಪೂಜೆ ಮಾಡುತ್ತಿದ್ದರು, ಜನಕ್ಕೆ ಬೆನ್ನು. ಕೆಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆಯಿತಲ್ಲ, ಅದಾದ ಮೇಲೆ ಜನರ ಭಾಷೆ ಬಂತು, ಫಾದರ್ ನಮ್ಮ ಕಡೆ ತಿರುಗಿದರು. ಮುಂದೆ ಒಂದು ಮೇಜು ಬಂತು, ಹಳೆಯ ಪೀಠ ಹಿಂದೆ ಉಳಿಯಿತು. ಪ್ರಸಾದ ತಗೊಳ್ಳಲು ಮಂಡಿಯೂರುತ್ತಿದ್ದ ಮರದ ಕಟಕಟೆ ಮಾತ್ರ ಹೋಯಿತು. ಅದರ ಎರಡು ತುಂಡು ಈಗಲೂ ಫಾದರ್ ಬಂಗಲೆಯ ಹಿಂದಿನ ಕೊಟ್ಟಿಗೆಯಲ್ಲಿ ಗೇಟಾಗಿದೆ. ಕಂಬಕ್ಕೆ ಅಂಟಿಸಿದ ಪ್ರವಚನದ ಗೂಡು ಉಳಿದಿದೆ, ತಲೆಯ ಮೇಲೆ ಮರದ ಮುಚ್ಚಳ ಸಮೇತ. ಮೈಕ್ ಇಲ್ಲದ ಕಾಲದಲ್ಲಿ ದನಿ ಮೇಲೆ ಹಾರಿ ಹೋಗದೆ ಜನರ ಕಡೆ ಬರಲಿ ಅಂತ ಆ ಮುಚ್ಚಳ. ಈಗ ಅದರ ಮೇಲೆ ಸ್ಪೀಕರ್ ಬಾಕ್ಸ್ ಕೂತಿದೆ.

ಬೆಂಚುಗಳು ಆಮೇಲಿನವು. ಅಜ್ಜನ ಕಾಲದಲ್ಲಿ ಚಾಪೆ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಪಾಪನಿವೇದನೆಯ ಗೂಡು, ಬಾಗಿಲ ಹತ್ತಿರದ ಜ್ಞಾನಸ್ನಾನದ ಕಲ್ಲಿನ ತೊಟ್ಟಿ, ಗೋಡೆಯ ಮೇಲೆ ಯೇಸು ನಡೆದ ಶಿಲುಬೆಯ ಹಾದಿಯ 14 ಚಿತ್ರ, ಇವೆಲ್ಲ ಬಂದಾಗ ನೋಡುವೆಯಂತೆ. ಚಿತ್ರಗಳ ಕೆಳಗೆ ಫ್ರೆಂಚ್ ಬರಹ ಇದೆ, ಅರ್ಧ ಗೆದ್ದಲು ತಿಂದಿದೆ.

ನೀನು ನೋಡಲೇಬೇಕಾದ್ದು ಪೀಠದ ಹಿಂದಿನ ಕೋಣೆಯ ಬೀಟೆಯ ಪೆಟ್ಟಿಗೆ. ನಾಲ್ಕು ಜನ ಮಲಗಬಹುದು, ಅಷ್ಟು ಅಗಲ. ಒಳಗಿನ ಖಾನೆ ಮಾತ್ರ ನಾಲ್ಕೇ ಬೆರಳು ಆಳ. ಪೂಜೆಯ ಉಡುಪನ್ನು ಮಡಿಸಿದರೆ ಜರಿ ಒಡೆಯುತ್ತದೆ, ಅದಕ್ಕೆ ಹಾಸಿಡಲು ಹೀಗೆ ಮಾಡಿದ್ದು. ಒಂದು ಖಾನೆಯಲ್ಲಿ ಹಸಿರು, ಒಂದರಲ್ಲಿ ನೇರಳೆ, ಒಂದರಲ್ಲಿ ಬಿಳಿ, ಒಂದರಲ್ಲಿ ಕೆಂಪು. ಎಲ್ಲಕ್ಕಿಂತ ಕೆಳಗಿನದರಲ್ಲಿ ಕಪ್ಪು. ಸತ್ತವರ ಪೂಜೆಗೆ ಹಿಂದೆ ಅದನ್ನೇ ಹಾಕುತ್ತಿದ್ದರು. ಖಾನೆಯ ಬೆನ್ನಿಗೆ ಆಚಾರಿ ಸಾಲಾಗಿ ತೂತು ಕೊರೆದಿದ್ದಾನೆ, ಗಾಳಿಯಾಡಲಿ ಅಂತ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಬಟ್ಟೆ ಉಂಟಾ? ಈ ಪೆಟ್ಟಿಗೆಯಲ್ಲಿ ಹಿಡಿದಿಲ್ಲ. ಅದರ ಪಕ್ಕ ತಂದಿಟ್ಟ ಸ್ಟೀಲ್ ಬೀರುವಿನಲ್ಲಿ ಹಿಡಿದಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷದ ಕೆಳಗೆ ಗೋಡೆಯ ಬುಡ ತೇವ ಆಗುತ್ತಿದೆ ಅಂತ ಕಿಟಕಿಯ ಮಟ್ಟದವರೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ತೇವ ಹೋಗಲಿಲ್ಲ, ಇನ್ನೂ ಮೇಲೆ ಹತ್ತಿತು. ಈಗ ಸಿಮೆಂಟ್ ಮುಗಿಯುವ ಗೆರೆಯ ಮೇಲೆ ಗೋಡೆ ಉಬ್ಬಿ ಉದುರುತ್ತಿದೆ. ಕಾರಣ ನಿನಗೆ ನಾನು ಹೇಳಬೇಕಾ? ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆ ಇದ್ದಾಗ ಕುಡಿದ ನೀರು ಬೇಸಿಗೆಯಲ್ಲಿ ಗೋಡೆಯಿಂದಲೇ ಆರಿ ಹೋಗುತ್ತಿತ್ತು. ಸಿಮೆಂಟ್ ಬಾಯಿ ಮುಚ್ಚಿತು, ನೀರು ಮೇಲಕ್ಕೆ ದಾರಿ ಹುಡುಕಿತು. ಹಬ್ಬಕ್ಕೆ ಮೊದಲು ವರ್ಷಕ್ಕೊಂದು ಸಲ ಸುಣ್ಣ ಬಳಿಯುತ್ತಿದ್ದರಲ್ಲ, ಅದು ಬರೀ ಚಂದಕ್ಕಾಗಿರಲಿಲ್ಲ. ಈಗ ಎಮಲ್ಷನ್ ಪೇಂಟ್, ಹಪ್ಪಳದ ಹಾಗೆ ಏಳುತ್ತದೆ.

ಹೊಸ ಯೋಜನೆ ಏನು ಗೊತ್ತಾ? ಉಳಿದ ಗೋಡೆಗೂ ಸಿಮೆಂಟ್. ನೆಲಕ್ಕೆ ಹೊಳೆಯುವ ಟೈಲ್ಸ್. ಹೆಂಚಿನ ಕೆಳಗೆ ಪಿವಿಸಿ ಸೀಲಿಂಗ್. ಪೀಠ ತೆಗೆದು ಗ್ರಾನೈಟ್. "ಮಹಾಸಭೆ ಆದಮೇಲೆ ಹಳೇ ಪೀಠದ ಅಗತ್ಯ ಇಲ್ಲ" ಅಂತ ಒಬ್ಬರು ವಾದ ಮಾಡಿದರು. ನಾನು ಆ ಮಹಾಸಭೆಯವರೇ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾವಿಧಿಯ ದಾಖಲೆ ಓದಿದೆ. ಹಳೆಯ ಪೀಠ ಒಡೆಯಿರಿ ಅಂತ ಅದರಲ್ಲಿ ಎಲ್ಲೂ ಇಲ್ಲ. 126ನೇ ಕಲಮಿನಲ್ಲಿ ಇರುವುದು ಅದಕ್ಕೆ ವಿರುದ್ಧ. ಪೂಜೆಯ ಪೀಠೋಪಕರಣ, ಬೆಲೆಬಾಳುವ ಕೆಲಸ ಯಾವುದೂ ಕೈಬಿಟ್ಟು ಹೋಗದಂತೆ, ಚೆದುರಿ ಹೋಗದಂತೆ ಬಿಷಪರು ಜಾಗ್ರತೆಯಿಂದ ನೋಡಿಕೊಳ್ಳಬೇಕು ಅಂತ ಅದು ಹೇಳುತ್ತದೆ. ಈ ಮಾತು ನಾನೇ ಎತ್ತಿ ಆಡುತ್ತೇನೆ. ಪೀಠ ಉಳಿಯುತ್ತದೆ ಅನ್ನುವ ಧೈರ್ಯ ಇದೆ, ಫಾದರ್ ಕೂಡ ಒಳಗೊಳಗೆ ನನ್ನ ಪರ.

ಗೋಡೆಯದ್ದು ಮಾತ್ರ ನನ್ನ ಕೈಲಾಗುವುದಿಲ್ಲ. ದುಡ್ಡು ಕೊಡುವವರು ದುಬೈಯಲ್ಲಿದ್ದಾರೆ, ಮುಂಬೈಯಲ್ಲಿದ್ದಾರೆ. ಅವರಿಗೆ ಹೊಳೆಯುವುದು ಬೇಕು. ನಾನು ಸುಣ್ಣ ಅಂದರೆ "ವಿಲ್ಲಿಗೆ ಹಳೇದರ ಹುಚ್ಚು" ಅನ್ನುತ್ತಾರೆ. ಅದೇ ಮಾತನ್ನು ಬೆಂಗಳೂರಿನ ಎಂಜಿನಿಯರ್ ಹೇಳಿದರೆ ಕೇಳುತ್ತಾರೆ. ನಿನ್ನೂರಲ್ಲೇ ಸುಣ್ಣದ ಗಾರೆ ಗೊತ್ತಿರುವ ಕೆಲಸದವರು ಸಿಕ್ಕರೆ ಅವರ ದಿನಗೂಲಿ ಕೇಳಿ ಬಾ. ಸಿಮೆಂಟ್ ಕಿತ್ತರೆ ಜಂಬಿಟ್ಟಿಗೆಯ ಮೈ ಎಷ್ಟು ಕಿತ್ತು ಬರುತ್ತದೆ ಅನ್ನುವುದನ್ನೂ ನೀನೇ ನೋಡಬೇಕು, ನನಗೆ ಅದರದ್ದೇ ಹೆದರಿಕೆ.

ಮೀಟಿಂಗ್ ಮೇ ಮೊದಲ ಭಾನುವಾರ, ಎರಡನೇ ಪೂಜೆ ಆದ ಮೇಲೆ. ಶನಿವಾರ ಬೆಳಿಗ್ಗೆಯೇ ಬಂದುಬಿಡು. ಏಣಿ, ಟಾರ್ಚು ನಾನು ಹೊಂದಿಸಿಡುತ್ತೇನೆ. ಅಟ್ಟದ ಮೇಲೆ ಹತ್ತಿ ಆ ಸಂದಿ ನೋಡುವುದು ನಿನ್ನ ಕೆಲಸ, ನನಗೆ ಮಂಡಿ ನೋವು. ಅಮ್ಮ ಹಂದಿ ಮಾಂಸ ಮಾಡುತ್ತಾರಂತೆ. ನಿನ್ನ ಹೆಂಡತಿಗೆ ಬೇರೆ ಅಡುಗೆ ಬೇಕಾದರೆ ಮೊದಲೇ ಫೋನ್ ಮಾಡಿ ಹೇಳು.

ನಿನ್ನ,
ವಿಲ್ಲಿ