‘ಠೀಕ್ ಹೈ’ ಅಂದಿದ್ದಕ್ಕೆ ಉಳಿದುಹೋದ ಕಾರ್ಡು

ಹಾಸನ,
4 ಆಗಸ್ಟ್ 2024

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ‘ಈ ಕ್ರೆಡಿಟ್ ಕಾರ್ಡಿನ ಸಹವಾಸ ಸಾಕು, ನಾಳೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕ್ಲೋಸ್ ಮಾಡಿಸ್ತೀನಿ’ ಅಂದಾಗ ನಾನು ಬಸ್ಸಿನಲ್ಲಿದ್ದೆ. ಆ ಗದ್ದಲದಲ್ಲಿ ಹೇಳಲಾಗಲಿಲ್ಲ. ಫೋನಿನಲ್ಲಿ ಹೇಳಿ ಸುಮ್ಮನೆ ಕೂರಬೇಡ. ಬರೆದು ಕೇಳು. ನಾನು ಇದನ್ನು ಕಲಿಯೋಕೆ ಐದು ವಾರ ಬೇಕಾಯಿತು.

ನನಗೆ ಆ ಕಾರ್ಡು ಸಿಕ್ಕಿದ್ದು ಪೆಟ್ರೋಲ್ ಬಂಕಿನಲ್ಲಿ. ಮೇಜು ಹಾಕಿಕೊಂಡು ನಿಂತಿದ್ದ ಹುಡುಗ ಚೆಂದದ ಕನ್ನಡದಲ್ಲಿ ‘ಸಾರ್, ಲೈಫ್‌ಟೈಮ್ ಫ್ರೀ, ಒಂದು ರೂಪಾಯಿನೂ ಇಲ್ಲ’ ಅಂದ. ಪ್ಯಾನ್, ಆಧಾರ್, ಎರಡು ಸಲ ಓಟಿಪಿ. ಹತ್ತು ನಿಮಿಷದಲ್ಲಿ ಮುಗಿಯಿತು. ಈ ವರ್ಷ ಮೇ ತಿಂಗಳ ಸ್ಟೇಟ್‌ಮೆಂಟ್ ನೋಡಿದರೆ ವಾರ್ಷಿಕ ಶುಲ್ಕ 500, ಅದರ ಮೇಲೆ ಶೇ 18ರ ಜಿಎಸ್‌ಟಿ 90. ಕಟ್ಟದೆ ಬಿಟ್ಟರೆ ತಡವಾದದ್ದಕ್ಕೆ ದಂಡ, ಬಡ್ಡಿ ಎಲ್ಲ ಸೇರುತ್ತವೆ ಅಂತ ಮೊದಲು ಆ 590 ಕಟ್ಟಿದೆ. ಬಾಕಿ ಸೊನ್ನೆ ಆದಮೇಲೆ, ಜೂನ್ 3ಕ್ಕೆ ಫೋನ್ ಮಾಡಿದೆ.

ಆ ಕಡೆ ಕನ್ನಡ ಇರಲಿಲ್ಲ. ಇಂಗ್ಲಿಷಿಗೆ ಒಂದು, ಹಿಂದಿಗೆ ಎರಡು. ಇಂಗ್ಲಿಷ್ ಒತ್ತಿದರೂ ಕೊನೆಗೆ ಮಾತಾಡಿದವರು ಹಿಂದಿಗೇ ಜಾರಿದರು. ಕ್ಲೋಸ್ ಅನ್ನೋ ಪದ ಬಾಯಿಂದ ಬಿದ್ದ ಕೂಡಲೇ ಕರೆ ಬೇರೆ ವಿಭಾಗಕ್ಕೆ ಹೋಯಿತು. ಸಂಗೀತ ಕೇಳುತ್ತಾ ಇಪ್ಪತ್ತು ನಿಮಿಷ ಕಾದೆ, ಕಟ್ ಆಯಿತು. ಮತ್ತೆ ಮಾಡಿದೆ. ಹೆಸರು, ಹುಟ್ಟಿದ ದಿನ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಎಲ್ಲ ಮೊದಲಿಂದ. ‘48 ಗಂಟೆಯೊಳಗೆ ನಮ್ಮವರೇ ಫೋನ್ ಮಾಡುತ್ತಾರೆ’ ಅಂದರು.

ಮಾಡಿದರು. ಈ ವರ್ಷದ ಫೀ ವಾಪಸ್ ಕೊಡ್ತೀವಿ, ಲಿಮಿಟ್ ಹೆಚ್ಚಿಸ್ತೀವಿ, ಕ್ಲೋಸ್ ಮಾಡಿದರೆ ನಿಮ್ಮ ಸಿಬಿಲ್ ಸ್ಕೋರ್ (ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕ) ಬಿದ್ದುಹೋಗುತ್ತೆ, ಮುಂದೆ ಮನೆ ಸಾಲ ಸಿಗಲ್ಲ ಅಂತೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಬೇಡ ಅಂತ ಮೂರು ಸಲ ಹೇಳಿದೆ. ಕೊನೆಗೆ ಆಫೀಸಿಗೆ ಹೊತ್ತಾಗುತ್ತಿತ್ತು, ನನಗೆ ಬರುವ ಹರಕು ಹಿಂದಿಯಲ್ಲಿ ‘ಠೀಕ್ ಹೈ, ಠೀಕ್ ಹೈ’ ಅಂದು ಫೋನಿಟ್ಟೆ. ನಾವು ಮಾತು ಮುಗಿಸೋಕೆ ‘ಆಯ್ತು ಬಿಡಿ’ ಅಂತೀವಲ್ಲ, ನನ್ನ ಮನಸ್ಸಿನಲ್ಲಿದ್ದದ್ದು ಅದು.

ಹತ್ತು ದಿನವಾದರೂ ಸುದ್ದಿಯಿಲ್ಲ ಅಂತ ವಿಚಾರಿಸಿದರೆ, ಗ್ರಾಹಕರು ಕಾರ್ಡು ಮುಂದುವರಿಸಲು ಒಪ್ಪಿದ್ದಾರೆ ಅಂತ ದಾಖಲಾಗಿತ್ತು. ಕ್ಲೋಸ್ ಮಾಡಿ ಅನ್ನೋ ನನ್ನ ಕೋರಿಕೆ ಲೆಕ್ಕದಲ್ಲೇ ಇರಲಿಲ್ಲ. ರೆಕಾರ್ಡಿಂಗ್ ಕೇಳಿಸಿ ಅಂದೆ, ಹೊರಗಿನವರಿಗೆ ಕೊಡಲ್ಲ ಅಂದರು. ಅದರಲ್ಲಿ ಇರುವುದು ನನ್ನದೇ ದನಿ ಕಣೋ. ಬ್ರಾಂಚಿಗೆ ಹೋದೆ. ಅಲ್ಲಿನ ಹುಡುಗಿ ಪಾಪ ಕನ್ನಡದಲ್ಲೇ, ಬೇಜಾರಿನಿಂದಲೇ ಹೇಳಿದಳು: ‘ಸಾರ್, ಕಾರ್ಡಿನ ವಿಭಾಗವೇ ಬೇರೆ, ನಮ್ಮ ಸಿಸ್ಟಮ್‌ನಲ್ಲಿ ಕಾಣಲ್ಲ. ಚೆನ್ನೈ ಅಡ್ರೆಸ್‌ಗೆ ಪೋಸ್ಟ್‌ನಲ್ಲಿ ಲೆಟರ್ ಹಾಕಿ.’

ಆ ಸಂಜೆ ಅಪ್ಪ ನೆನಪಾದರು. ಸೊಸೈಟಿ ಸಾಲ ತೀರಿಸಿದ ದಿನ ಬಾಯಿಮಾತಿಗೆ ಎದ್ದು ಬರುತ್ತಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ‘ಸಾಲ ಚುಕ್ತಾ’ ಅಂತ ಬರೆದು ಸೀಲು ಹಾಕುವ ತನಕ ಆ ಬೆಂಚಿನ ಮೇಲೇ ಕೂತಿರುತ್ತಿದ್ದರು, ಊಟದ ಹೊತ್ತು ಮೀರಿದರೂ ಸರಿ. ನಾನು ಓದಿದವನು, ಬರೀ ಫೋನನ್ನು ನಂಬಿದ್ದೆ.

ರಾತ್ರಿ ಕೂತು ರಿಸರ್ವ್ ಬ್ಯಾಂಕಿನ ನಿಯಮ ಹುಡುಕಿ ಓದಿದೆ. 2022ರ ಏಪ್ರಿಲ್ 21ರ ನಿರ್ದೇಶನ, ಆ ವರ್ಷದ ಜುಲೈ 1ರಿಂದ ಜಾರಿಗೆ ಬಂದಿತ್ತು. ಬಾಕಿ ಇಲ್ಲದಿದ್ದರೆ, ಕೇಳಿದ ಏಳು ಕೆಲಸದ ದಿನಗಳೊಳಗೆ ಕಾರ್ಡು ಕ್ಲೋಸ್ ಆಗಬೇಕು. ತಡವಾದರೆ ಬ್ಯಾಂಕು ದಿನಕ್ಕೆ 500 ರೂಪಾಯಿ ನಮಗೆ ಕೊಡಬೇಕು, ಅದೂ ರಜೆ ದಿನಗಳನ್ನೂ ಸೇರಿಸಿ. ಸಹಾಯವಾಣಿ, ಇಮೇಲ್, ವೆಬ್‌ಸೈಟ್, ಆ್ಯಪ್, ಇಷ್ಟೂ ದಾರಿ ತೆರೆದಿರಬೇಕು. ಪೋಸ್ಟ್‌ನಲ್ಲೇ ಕಳಿಸಿ ಅಂತ ಒತ್ತಾಯಿಸುವ ಹಾಗಿಲ್ಲ. ಕ್ಲೋಸ್ ಆದ ಕೂಡಲೇ ಎಸ್‌ಎಂಎಸ್, ಇಮೇಲ್ ಮೂಲಕ ತಿಳಿಸಬೇಕು. ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ, ನನಗೆ ಒಬ್ಬರೂ ಹೇಳಲಿಲ್ಲ ಅನ್ನೋದೇ ಹೊಟ್ಟೆ ಉರಿಸಿತು.

ಜೂನ್ 20ಕ್ಕೆ ಇಮೇಲ್ ಹಾಕಿದೆ. ಆ ನಿರ್ದೇಶನದ ಹೆಸರು, ದಿನಾಂಕ, ಬಾಕಿ ಸೊನ್ನೆ ಇರುವ ಸ್ಟೇಟ್‌ಮೆಂಟು. ಜೊತೆಗೆ ಒಂದು ಸಾಲು: ‘ನನಗೆ ಯಾವ ಆಫರೂ ಬೇಡ, ಫೋನ್ ಮಾಡಬೇಡಿ, ಉತ್ತರವನ್ನು ಬರವಣಿಗೆಯಲ್ಲೇ ಕೊಡಿ.’ ಮರುದಿನವೇ ದೂರಿನ ನಂಬರ್ ಬಂತು. ಆದರೂ ಏಳು ದಿನ ದಾಟಿತು. ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆದೆ. ಜುಲೈ 9ಕ್ಕೆ ಎಸ್‌ಎಂಎಸ್ ಬಂತು, ಕಾರ್ಡು ಕ್ಲೋಸ್ ಆಗಿದೆ. ಬಾಕಿ ಏನೂ ಇಲ್ಲ ಅನ್ನೋ ‘ನೋ ಡ್ಯೂಸ್’ ಪತ್ರವನ್ನೂ ಕೇಳಿ ತರಿಸಿಕೊಂಡೆ. ಪ್ರಿಂಟ್ ತೆಗೆದು ಅಪ್ಪನ ಹಳೇ ಕಡತದಲ್ಲೇ ಇಟ್ಟಿದ್ದೇನೆ.

ಸಿಬಿಲ್ ವಿಷಯಕ್ಕೆ ಹೆದರಬೇಡ. ಒಂದು ಕಾರ್ಡು ಹೋದರೆ ಒಟ್ಟು ಲಿಮಿಟ್ ಕಮ್ಮಿಯಾಗುತ್ತೆ, ಉಳಿದ ಕಾರ್ಡುಗಳಲ್ಲಿ ನೀನು ಹೆಚ್ಚು ಖರ್ಚು ಮಾಡುವವನಾದರೆ ಸ್ಕೋರ್ ಸ್ವಲ್ಪ ಇಳಿಯಬಹುದು. ಸಾಲ ಸರಿಯಾಗಿ ತೀರಿಸಿದವನ ಹೆಸರು ಅಷ್ಟಕ್ಕೆ ಕೆಡಲ್ಲ. ಕ್ಲೋಸ್ ಆದ ಸುದ್ದಿಯನ್ನು 30 ದಿನದೊಳಗೆ ಸಿಬಿಲ್‌ನಂಥ ಸಂಸ್ಥೆಗಳಿಗೆ ಬ್ಯಾಂಕೇ ತಿಳಿಸಬೇಕು. ನಾನು ಈ ತಿಂಗಳ ಮಧ್ಯದಲ್ಲಿ ರಿಪೋರ್ಟ್ ತೆಗೆದು ನೋಡುತ್ತೇನೆ. ವರ್ಷಕ್ಕೊಂದು ಪುಕ್ಕಟೆ ಸಿಗುತ್ತೆ.

ತಡವಾದ ದಿನಗಳ ಹಣವನ್ನೂ ಕೇಳಿದ್ದೇನೆ. ಜುಲೈ 2ರಿಂದ 9ರವರೆಗೆ ಎಂಟು ದಿನ, ನಾಲ್ಕು ಸಾವಿರ. ನಿಮಗೆ ಅನ್ವಯಿಸುವುದಿಲ್ಲ ಅಂತ ಎರಡೇ ಸಾಲಿನ ಉತ್ತರ ಕಳಿಸಿದರು. ಯಾಕೆ ಅನ್ವಯಿಸಲ್ಲ ಅಂತ ಬರೆದಿಲ್ಲ. ಬಿಡಲು ಮನಸ್ಸಾಗಲಿಲ್ಲ. ಬ್ಯಾಂಕು ದೂರು ತಳ್ಳಿಹಾಕಿದರೆ, ಇಲ್ಲವೇ 30 ದಿನ ಉತ್ತರ ಕೊಡದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದಿತ್ತು. ಆದರೆ ಚಂಡೀಗಢದ ಅವರ ಕೇಂದ್ರಕ್ಕೆ ಯಾವ ಭಾಷೆಯಲ್ಲಾದರೂ ಪತ್ರ ಬರೆಯಬಹುದು ಅಂತ ಓದಿದ ಮೇಲೆ ಪೆನ್ನು ಹಿಡಿದೆ. ಜೂನ್ 3ರಿಂದ ನಡೆದದ್ದನ್ನೆಲ್ಲ ಕನ್ನಡದಲ್ಲಿ, ನಾಲ್ಕು ಪುಟ. ‘ಠೀಕ್ ಹೈ’ ಅಂದಿದ್ದು ಯಾಕೆ ಅನ್ನೋದನ್ನೂ ಬಿಡಿಸಿ ಬರೆದೆ. ಎರಡು ತಿಂಗಳಲ್ಲಿ ಮೊದಲ ಸಲ, ಹೇಳಬೇಕಾದದ್ದನ್ನು ಹೇಳಬೇಕಾದ ಹಾಗೇ ಹೇಳಿದೆ ಅನ್ನಿಸಿತು. ಕಳೆದ ಸೋಮವಾರ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇನೆ.

ನೀನು ಈಗ ಮಾಡಬೇಕಾದ್ದು ಇಷ್ಟು. ಕಾರ್ಡಿನಿಂದ ತಾನಾಗಿ ಕಟ್ ಆಗುವ ಕರೆಂಟ್ ಬಿಲ್ಲು, ಮೊಬೈಲ್ ರೀಚಾರ್ಜು ಇದ್ದರೆ ಮೊದಲು ಬೇರೆ ಕಡೆ ಬದಲಾಯಿಸು. ಇಲ್ಲದಿದ್ದರೆ ಮತ್ತೆ ಬಾಕಿ ಹುಟ್ಟುತ್ತೆ, ಅದೇ ಅವರಿಗೆ ನೆಪವಾಗುತ್ತೆ. ರಿವಾರ್ಡ್ ಪಾಯಿಂಟ್ ಇದ್ದರೆ ಖರ್ಚು ಮಾಡು. ಪೈಸೆ ಬಿಡದೆ ಬಾಕಿ ತೀರಿಸಿ, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಸೊನ್ನೆ ಬಂದಿದೆಯಾ ನೋಡು. ಹಿಂದೆ ಬಾಕಿ ಉಳಿಸಿಕೊಂಡಿದ್ದರೆ ಅದರ ಬಡ್ಡಿ ಒಂದು ತಿಂಗಳು ತಡವಾಗಿ ಬರುವುದುಂಟು.

ಆ ಸ್ಟೇಟ್‌ಮೆಂಟನ್ನು ಪ್ರಿಂಟ್ ತೆಗೆದಿಡು. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರ್ತೀನಿ, ಇಬ್ಬರೂ ಕೂತು ಇಮೇಲ್ ಬರೆಯೋಣ. ಅಮ್ಮನಿಗೆ ನಮಸ್ಕಾರ ಹೇಳು, ಅಕ್ಕಿರೊಟ್ಟಿ ಮಾಡಿಸಿರು.

ನಿನ್ನ
ಗೆಳೆಯ